ಮ್ಯಾಪ್ ಲೋಡ್ ಮಾಡೋಕೆ ಮುಂಚೆ ಮ್ಯಾಪ್ ಓದೋದು ಕಲೀರಿ

1/7

ಡಿಎಂ ತೆಗೆದ್ರೆ ಎರಡೇ ಥರದ ಮೆಸೇಜು. “ಗುರು, ಹಳೇ ಎಸ್ಟೀಮ್‌ಗೆ ಟರ್ಬೊ ಹಾಕಿಸ್ತಿದೀನಿ, ಯಾವ ಇಸಿಯು ತಗೊಳ್ಲಿ?” ಇನ್ನೊಂದು, “ಮಗಾ, ಅದೇ ಎಂಜಿನ್ನಿಗೆ ಟ್ಯೂನ್ ಮಾಡಿರೋ ಮ್ಯಾಪ್ ಸಿಕ್ಕಿದೆ, ಲೋಡ್ ಮಾಡ್ಕೊಂಡು ಓಡಿಸ್ಬಹುದಾ?” ಒಬ್ಬೊಬ್ಬರಿಗೂ ಟೈಪ್ ಮಾಡಿ ಬೆರಳು ನೋಯ್ತಿದೆ. ಅದಕ್ಕೇ ಈ ಏಳು ಪೋಸ್ಟು.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಬೈಯೋರು ಬೈರಿ. ನಾವೇ ಪ್ರೋಗ್ರಾಂ ಮಾಡೋ ಇಸಿಯು ನಮ್ಮಂಥ ಡಿಪ್ಲೊಮಾ, ಐಟಿಐ, ಎಂಜಿನಿಯರಿಂಗ್ ಹುಡುಗರು ಹುಡುಗಿಯರಿಗೆ ಸಿಕ್ಕಿರೋ ಒಳ್ಳೇ ಪಾಠಶಾಲೆ. ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಗಣಿತ ಮೂರೂ ಒಂದೇ ಡಬ್ಬದಲ್ಲಿ ಕೂತಿವೆ. ಆದರೆ ಲಾಗ್ ಓದೋಕೆ ಬರದೇ ಇರೋನ ಕೈಲಿ ಅದೇ ಡಬ್ಬ ಎಂಜಿನ್ ಸುಡೋ ಸಾಧನ. ಬೇರೆಯೋರ ಮ್ಯಾಪ್ ತುಂಬಿಸ್ಕೊಂಡು, ಕೆಂಗಲ್ ಆಂಜನೇಯನಿಗೆ ಒಂದು ಕಾಯಿ ಒಡೆದು, ಸೀದಾ ಎಕ್ಸ್‌ಪ್ರೆಸ್‌ವೇಗೆ ಇಳಿಯೋದನ್ನ ನಾನು ಒಪ್ಪಲ್ಲ.

ಯಾಕೆ ಅಂತ ಲೆಕ್ಕದ ಸಮೇತ ಹೇಳ್ತೀನಿ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

2/7 ಗಾಳಿಯ ಲೆಕ್ಕ

ಎಂಜಿನ್ ಅಂದ್ರೆ ಎಲ್ಲರೂ ಪೆಟ್ರೋಲ್ ಬಗ್ಗೆ ಮಾತಾಡ್ತಾರೆ. ಇಸಿಯುಗೆ ತಲೆನೋವು ಗಾಳಿಯದು. 1 ಕೆಜಿ ಪೆಟ್ರೋಲ್ ಸರಿಯಾಗಿ ಉರಿಯೋಕೆ ಸುಮಾರು 14.7 ಕೆಜಿ ಗಾಳಿ ಬೇಕು. ಸಿಲಿಂಡರಿಗೆ ಎಷ್ಟು ಗಾಳಿ ಹೋಯ್ತು ಅಂತ ತಿಳಿದ್ರೆ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ಗೊತ್ತಾಗುತ್ತೆ.

ಕೆಲವು ಕಾರುಗಳಲ್ಲಿ ಗಾಳಿಯ ಹರಿವನ್ನೇ ಅಳೆಯೋ ಸೆನ್ಸರ್ ಇರುತ್ತೆ. ಹೊರಗಿನಿಂದ ಹಾಕೋ ಇಸಿಯುಗಳಲ್ಲಿ ಹೆಚ್ಚಾಗಿ ಬಳಸೋದು ಇನ್ನೊಂದು ದಾರಿ. ಮ್ಯಾನಿಫೋಲ್ಡಿನ ಒತ್ತಡ, ಒಳಗೆ ಬರೋ ಗಾಳಿಯ ಉಷ್ಣತೆ, ಆರ್‌ಪಿಎಂ ಈ ಮೂರನ್ನು ನೋಡಿ ಗಾಳಿಯನ್ನ ಅಂದಾಜು ಮಾಡೋದು. ಪಿಯುಸಿಯಲ್ಲಿ ಉರು ಹೊಡೆದ ಆದರ್ಶ ಅನಿಲದ ಸಮೀಕರಣ ನೆನಪಿದೆಯಲ್ಲ, ಅದೇ ಇಲ್ಲಿ ಕೆಲಸಕ್ಕೆ ಬರೋದು. ಆದರೆ ಸಿಲಿಂಡರ್ ಯಾವತ್ತೂ ಪೂರ್ತಿ ತುಂಬಲ್ಲ, ಎಷ್ಟು ತುಂಬುತ್ತೆ ಅನ್ನೋದು ಪ್ರತಿ ಆರ್‌ಪಿಎಂಗೂ ಬೇರೆ. ಆ ವ್ಯತ್ಯಾಸವನ್ನು ಬರೆದಿಟ್ಟಿರೋ ಕೋಷ್ಟಕಕ್ಕೇ ನಾವು ಮ್ಯಾಪ್ ಅನ್ನೋದು. ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಒತ್ತಡ, ಪ್ರತಿ ಮನೆಯಲ್ಲೂ ಒಂದು ಸಂಖ್ಯೆ.

ನಮ್ಮ ರಾಮನಗರ, ಚನ್ನಪಟ್ಟಣದ ಕಡೆ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರ. ಗಾಳಿಯ ಒತ್ತಡ 92–93 ಕಿಲೊಪಾಸ್ಕಲ್ ಆಸುಪಾಸು. ಮಂಗಳೂರಲ್ಲಾದ್ರೆ 101. ಟರ್ಬೊ ಇಲ್ಲದ ಗಾಡಿ ಇಲ್ಲಿ ಎಷ್ಟೇ ತುಳಿದ್ರೂ 92ರ ಸಾಲು ದಾಟಲ್ಲ. ಅದಕ್ಕೆ ಅರ್ಧ ಬಾರ್ ಬೂಸ್ಟ್ ಕೊಡಿ, 142ಕ್ಕೆ ಹೋಗುತ್ತೆ. ಕಂಪನಿ ಮ್ಯಾಪಿನಲ್ಲಿ ಆ ಸಾಲೇ ಇಲ್ಲ, ಕಂಪನಿ ಸೆನ್ಸರ್ರಿಗೂ ಆ ಒತ್ತಡ ಓದೋಕೆ ಬರಲ್ಲ. ಗಾಳಿ ಒಂದೂವರೆ ಪಟ್ಟು ಹತ್ತಿರ ಬರ್ತಿದೆ, ಇಸಿಯು ಹಳೇ ಲೆಕ್ಕದಲ್ಲೇ ಪೆಟ್ರೋಲ್ ಕೊಡ್ತಿದೆ. ಪ್ರೋಗ್ರಾಂ ಮಾಡೋ ಇಸಿಯು ಬೇಕಾಗೋದು ಇಲ್ಲಿ.

ಫ್ಯುಯೆಲ್ ಪ್ರೆಶರ್ ಏರಿಸೋ ರೆಗ್ಯುಲೇಟರ್ ಒಂದನ್ನೇ ಹಾಕಿ ಸುಧಾರಿಸ್ತೀನಿ ಅನ್ನೋರಿಗೆ ಒಂದು ಮಾತು: ಅದು ಪೆಟ್ರೋಲ್ ಹೆಚ್ಚಿಸುತ್ತೆ, ಸ್ಪಾರ್ಕ್ ಟೈಮಿಂಗ್ ಮುಟ್ಟಲ್ಲ. ನಾಲ್ಕನೇ ಪೋಸ್ಟಲ್ಲಿ ಅದರ ಕಥೆ ಇದೆ.

3/7 ಇಂಜೆಕ್ಟರ್ ಲೆಕ್ಕ, ನೋಟ್‌ಬುಕ್ ತಗೊಳಿ

1.3 ಲೀಟರ್, ನಾಲ್ಕು ಸಿಲಿಂಡರ್ ಎಂಜಿನ್ನಿಂದ 130 ಹಾರ್ಸ್‌ಪವರ್ ಬೇಕು ಅಂದ್ಕೊಳಿ.

ಬೂಸ್ಟ್ ಇರೋ ಪೆಟ್ರೋಲ್ ಎಂಜಿನ್ ಒಂದು ಹಾರ್ಸ್‌ಪವರಿಗೆ ಗಂಟೆಗೆ ಸುಮಾರು 0.27 ಕೆಜಿ ಪೆಟ್ರೋಲ್ ಕುಡಿಯುತ್ತೆ ಅಂತ ಒರಟು ಲೆಕ್ಕ. 130ಕ್ಕೆ 35 ಕೆಜಿ. ನಾಲ್ಕು ಇಂಜೆಕ್ಟರಿಗೆ ಹಂಚಿದ್ರೆ ತಲಾ 8.8 ಕೆಜಿ.

ಇಂಜೆಕ್ಟರನ್ನ ಪೂರ್ತಿ ಹೊತ್ತು ತೆರೆದಿಡೋ ಹಾಗಿಲ್ಲ, ಶೇಕಡಾ 80ಕ್ಕೆ ನಿಲ್ಲಿಸ್ಬೇಕು. ಹಾಗಾಗಿ 8.8 ಭಾಗಿಸು 0.8, ಅಂದ್ರೆ 11 ಕೆಜಿ. ಲೀಟರಿಗೆ ಬದಲಾಯಿಸಿ ನಿಮಿಷಕ್ಕೆ ತಂದ್ರೆ ಸುಮಾರು 250 ಸಿಸಿ. ನಿಮಗೆ ಬೇಕಾದ ಇಂಜೆಕ್ಟರ್ ಅಷ್ಟು ದೊಡ್ಡದು.

ಸಮಯ ನೋಡಿ. 6,000 ಆರ್‌ಪಿಎಂನಲ್ಲಿ ಒಂದು ಸಿಲಿಂಡರಿನ ಪೂರ್ತಿ ಆವರ್ತ ಮುಗಿಯೋಕೆ 20 ಮಿಲಿಸೆಕೆಂಡ್. ಅದರಲ್ಲಿ ಶೇಕಡಾ 80 ಅಂದ್ರೆ 16. ಇಂಜೆಕ್ಟರ್ ತೆರ್ಕೊಳೋಕೇ ಹತ್ತಿರ ಹತ್ತಿರ 1 ಮಿಲಿಸೆಕೆಂಡ್ ಬೇಕು, ಬ್ಯಾಟರಿ ವೋಲ್ಟೇಜ್ ಇಳಿದ್ರೆ ಇನ್ನೂ ಜಾಸ್ತಿ. ಹೆಡ್‌ಲೈಟು, ಫ್ಯಾನು, ಎಸಿ ಎಲ್ಲಾ ಹಾಕಿದಾಗ ಗಾಡಿ ಮಂಕಾಯ್ತು ಅಂದ್ರೆ ಈ ತಿದ್ದುಪಡಿ ಕೋಷ್ಟಕವನ್ನೂ ಒಮ್ಮೆ ನೋಡ್ಬೇಕು.

ಈ ಲೆಕ್ಕ ಮಾಡದೆ “ದೊಡ್ಡದೇ ಹಾಕ್ಬಿಡು” ಅಂತ 550 ಸಿಸಿ ಹಾಕಿಸಿದ್ರೆ ಐಡಲ್‌ನಲ್ಲಿ ಗಾಡಿ ಕೆಮ್ಮುತ್ತೆ. ಅಷ್ಟು ಚಿಕ್ಕ ಹನಿಯನ್ನ ಅದಕ್ಕೆ ಒಂದೇ ಸಮ ಕೊಡೋದು ಕಷ್ಟ.

4/7 ಬಿಸಿ, ನಾಕಿಂಗ್, ಮತ್ತೆ ಬಂಕಿನ ಪೆಟ್ರೋಲು

ಗಾಳಿ ಒತ್ತಿದ್ರೆ ಬಿಸಿಯಾಗುತ್ತೆ, ಸೈಕಲ್ ಪಂಪು ಮುಟ್ಟಿ ನೋಡಿದೋರಿಗೆಲ್ಲ ಗೊತ್ತು. ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿ ಗಾಳಿಯನ್ನ ಅರ್ಧ ಬಾರ್ ಒತ್ತಿ, ಟರ್ಬೊ ದಕ್ಷತೆ ಶೇಕಡಾ 70 ಅಂತಿಟ್ಕೊಂಡ್ರೆ, ಆಚೆ ಬರೋ ಗಾಳಿ 90 ಡಿಗ್ರಿ ದಾಟುತ್ತೆ. ಇಂಟರ್‌ಕೂಲರ್ ಇಲ್ಲದಿದ್ರೆ ಅದು ಹಾಗೇ ಸಿಲಿಂಡರಿಗೆ ಹೋಗುತ್ತೆ.

ಬಿಸಿ ಹೆಚ್ಚು, ಒತ್ತಡ ಹೆಚ್ಚು. ಸ್ಪಾರ್ಕಿನಿಂದ ಹೊರಟ ಉರಿ ಮೂಲೆ ಮುಟ್ಟೋಕೆ ಮುಂಚೆನೇ ಅಲ್ಲಿನ ಮಿಶ್ರಣ ತಾನಾಗಿ ಸಿಡಿಯುತ್ತೆ. ಅದೇ ನಾಕಿಂಗ್. ಬೂಸ್ಟಿನಲ್ಲಿ ಜೋರಾಗಿ ನಾಕ್ ಹೊಡೆದ್ರೆ ಪಿಸ್ಟನ್ನಿನ ರಿಂಗ್ ಕೂರೋ ಜಾಗ ಮುರಿಯೋಕೆ ತುಂಬ ಹೊತ್ತು ಬೇಡ. ಅದಕ್ಕೇ ಬೂಸ್ಟ್ ಏರಿದ ಹಾಗೆ ಸ್ಪಾರ್ಕನ್ನ ತಡ ಮಾಡ್ಬೇಕು, ಮಿಶ್ರಣವನ್ನ ಸ್ವಲ್ಪ ಗಟ್ಟಿ ಮಾಡ್ಬೇಕು. ಪೂರ್ತಿ ಬೂಸ್ಟಿನಲ್ಲಿ ಲ್ಯಾಂಬ್ಡಾ 0.8 ಆಸುಪಾಸು ಇಡೋದು ರೂಢಿ.

ಈಗ ನಮ್ಮೂರಿನ ಬಂಕಿಗೆ ಬನ್ನಿ. ಸಿಗ್ತಿರೋದು ಇ20, ಅಂದ್ರೆ ಶೇಕಡಾ 20ರವರೆಗೆ ಎಥನಾಲ್. ಎಥನಾಲಿಗೆ ಉರಿಯೋಕೆ ಗಾಳಿ ಕಡಿಮೆ ಸಾಕು, ಹಾಗಾಗಿ ಇ20ರ ಲೆಕ್ಕ 14.7 ಅಲ್ಲ, ಸುಮಾರು 13.5. ಎಥನಾಲ್ ಇಲ್ಲದ ಪೆಟ್ರೋಲಿನಲ್ಲಿ ಮಾಡಿದ ಹಳೇ ಮ್ಯಾಪನ್ನ ಹಾಗೇ ಹಾಕಿದ್ರೆ ಎಂಜಿನ್ ಶೇಕಡಾ 7–8ರಷ್ಟು ಲೀನ್ ಓಡುತ್ತೆ. ನಿಧಾನಕ್ಕೆ ಹೋಗುವಾಗ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ಸರಿಮಾಡ್ಕೊಳುತ್ತೆ. ಪೂರ್ತಿ ಬೂಸ್ಟಿನಲ್ಲಿ ಎಷ್ಟೋ ಮ್ಯಾಪುಗಳು ಆ ಸೆನ್ಸರನ್ನ ಕೇಳೋದೇ ಇಲ್ಲ, ಕೋಷ್ಟಕದಲ್ಲಿ ಏನಿದೆಯೋ ಅದೇ. ಎಂಜಿನ್ ಹೋಗೋದೂ ಅಲ್ಲೇ. ಎಥನಾಲಿಗೆ ನಾಕಿಂಗ್ ತಡೆಯೋ ಗುಣ ಇದೆ ನಿಜ, ಆದರೆ ಅದು ಲೀನ್ ಓಡೋಕೆ ಲೈಸೆನ್ಸ್ ಅಲ್ಲ.

5/7 “ಅದೇ ಎಂಜಿನ್ ತಾನೇ ಮಗಾ?”

ರಾಮನಗರದ ಗೂಡು ಮಾರ್ಕೆಟ್ಟಿಗೆ ಹೋಗಿರೋರು ನೋಡಿರ್ತೀರ. ಒಂದೇ ತಳಿ, ಒಂದೇ ಬೆಲೆ ಕೊಟ್ಟು ತಂದ ಎರಡು ಲಾಟ್ ಗೂಡು ನೀರಿಗೆ ಬಿದ್ದಾಗ ಒಂದೇ ಥರ ಬಿಚ್ಚಲ್ಲ. ರೀಲಿಂಗ್ ಮಾಡೋರು ಎಳೆ ನೋಡಿ ನೀರಿನ ಬಿಸಿ ಹೆಚ್ಚು ಕಡಿಮೆ ಮಾಡ್ತಾರೆ. ನಿನ್ನೆಯ ಲಾಟಿಗೆ ಇಟ್ಟ ಬಿಸಿ ಇವತ್ತಿನದಕ್ಕೂ ಸರಿ ಅಂತ ಕಣ್ಣು ಮುಚ್ಕೊಂಡು ಕೂರಲ್ಲ.

ಎಂಜಿನ್ನೂ ಹಾಗೇ. ನಿಮ್ಮ ಗೆಳೆಯನ ಎಸ್ಟೀಮ್, ನಿಮ್ಮ ಎಸ್ಟೀಮ್ ಎರಡೂ 1.3 ಲೀಟರ್ ಇರಬಹುದು. ಅವನ ಇಂಜೆಕ್ಟರ್ ಬೇರೆ ಕಂಪನಿದು, ಫ್ಯುಯೆಲ್ ಪಂಪ್ ಹೊಸದು, ಎಕ್ಸಾಸ್ಟ್ ದಪ್ಪ, ಒತ್ತಡದ ಸೆನ್ಸರಿನ ಅಳತೆ ಬೇರೆ, ನಿಮ್ಮ ಎಂಜಿನ್ನಿನ ಕಂಪ್ರೆಷನ್ ಆಗ್ಲೇ ಸವೆದಿದೆ. ಅವನ ಕೋಷ್ಟಕದ ಪ್ರತಿ ಮನೆಯಲ್ಲಿರೋದು ಅವನ ಗಾಡಿಯ ಮೇಲೆ ಅಳೆದ ಉತ್ತರ. ನಿಮ್ಮ ಗಾಡಿ ಬೇರೆ ಪ್ರಶ್ನೆ ಕೇಳ್ತಿದೆ.

ಎಂಜಿನ್ ಸ್ಟಾರ್ಟ್ ಮಾಡೋಕೆ ಒಂದು ಬೇಸ್ ಮ್ಯಾಪ್ ಬೇಕೇ ಬೇಕು, ಅದರಲ್ಲಿ ತಪ್ಪಿಲ್ಲ. ಸ್ಟಾರ್ಟ್ ಆಯ್ತಲ್ಲ ಅಂತ ಅದನ್ನೇ ಮುಗಿದ ಕೆಲಸ ಅಂದ್ಕೊಳೋದನ್ನ ನಾನು ಬೇಡ ಅಂತಿರೋದು.

6/7 ಯಾವ ಗಾಡಿ, ಯಾವ ಜಾಗ

ಇದು ಕೆಲವರಿಗೆ ಬೇಜಾರಾಗೋ ಪೋಸ್ಟು.

ಪೋಲೊ ಟಿಎಸ್‌ಐ, ನೆಕ್ಸಾನ್, ವೆನ್ಯೂ ಥರದ ಟರ್ಬೊ ಕಾರುಗಳ ಕಂಪನಿ ಇಸಿಯು ತೆಗೆದು ಹೊರಗಿನದು ಹಾಕೋ ಯೋಚನೆ ಬಿಡಿ. ಅವುಗಳ ಇಸಿಯು ಎಬಿಎಸ್, ಮೀಟರ್ ಕನ್ಸೋಲ್ ಜೊತೆಗೆಲ್ಲ ಮಾತಾಡ್ತಾ ಇರುತ್ತೆ, ನಾಕಿಂಗನ್ನ ತಾನೇ ಕೇಳಿಸ್ಕೊಂಡು ಸ್ಪಾರ್ಕ್ ತಡ ಮಾಡುತ್ತೆ. ಅದನ್ನ ಕಿತ್ತು ನಾವು ಅಷ್ಟು ಚೆನ್ನಾಗಿ ಮಾಡೋಕಾಗಲ್ಲ. ಹೊರಗಿನ ಇಸಿಯುಗೆ ಅರ್ಥ ಇರೋದು ಹಳೇ ಎಂಪಿಎಫ್‌ಐ ಎಂಜಿನ್ನಿಗೆ, ರ್‍ಯಾಲಿ ಮತ್ತು ಟ್ರ್ಯಾಕ್ ಗಾಡಿಗೆ.

ಕಾನೂನೂ ತಿಳ್ಕೊಳಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿ ಹಿಡೀತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ.

ಕಾನೂನಿಗಿಂತ ದೊಡ್ಡದು ರಸ್ತೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ನಮ್ಮ ಹುಡುಗರಿಗೆ ಡೈನೊ ಥರ ಕಾಣ್ತಿದೆ. ಒಬ್ಬ ಓಡಿಸ್ತಾನೆ, ಪಕ್ಕದಲ್ಲಿ ಒಬ್ಬ ಲ್ಯಾಪ್‌ಟಾಪ್ ತೊಡೆ ಮೇಲಿಟ್ಕೊಂಡು ಮ್ಯಾಪ್ ತಿದ್ದುತಾನೆ. ಕಾರಿಗೆ ಅಲ್ಲಿ ಮಿತಿ 100. ಪೂರ್ತಿ ಬೂಸ್ಟಿನಲ್ಲಿ ಮೇಲಿನ ಆರ್‌ಪಿಎಂ ಮನೆಗಳನ್ನ ತುಂಬಿಸೋಕೆ ಹೊರಟ್ರೆ ಆ 100 ಯಾವಾಗ ದಾಟಿತು ಅಂತ ಗೊತ್ತಾಗೋದೂ ಇಲ್ಲ, ಇಬ್ಬರ ಕಣ್ಣೂ ಸ್ಕ್ರೀನ್ ಮೇಲೆ. ಅದೇ ಹೊತ್ತಿಗೆ ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಮಂಡ್ಯಕ್ಕೆ ಹೊರಟಿರೋ ಯಾರೋ ನಿಮ್ಮ ಮುಂದಿದಾರೆ. ನಿಮ್ಮ ಟ್ಯೂನಿಂಗಿಗೆ ಅವರು ಒಪ್ಪಿಗೆ ಕೊಟ್ಟಿಲ್ಲ.

7/7 ಹಾಗಾದ್ರೆ ಏನು ಮಾಡೋದು?

ಇದೇ ಮೈಸೂರು ರಸ್ತೆಯಲ್ಲಿ ಬೆಂಗಳೂರಿಗೆ ಹೋಗುವಾಗ ಆರ್‌ವಿ ಎಂಜಿನಿಯರಿಂಗ್ ಕಾಲೇಜು ಸಿಗುತ್ತೆ. ಅಲ್ಲಿನ ಅಶ್ವ ರೇಸಿಂಗ್ ಅನ್ನೋ ವಿದ್ಯಾರ್ಥಿ ತಂಡ ಫಾರ್ಮುಲಾ ಸ್ಟೂಡೆಂಟ್ ಗಾಡಿಗಳನ್ನ ತಾವೇ ಕಟ್ತಾ ಬಂದಿದೆ. ಆ ಸ್ಪರ್ಧೆಯ ಒಂದು ನಿಯಮ ನೋಡಿ: ಪೆಟ್ರೋಲ್ ಎಂಜಿನ್ನಿಗೆ ಹೋಗೋ ಗಾಳಿಯೆಲ್ಲ 20 ಮಿಲಿಮೀಟರ್ ತೂತಿನಿಂದಲೇ ಹೋಗ್ಬೇಕು. ಬೈಕಿನ ಎಂಜಿನ್ ತಂದು ಹಾಗೆ ಮೂಗು ಕಟ್ಟಿದ್ರೆ ಕಂಪನಿ ಮ್ಯಾಪ್ ಹೊಂದಲ್ಲ. ಹಾಗಾಗಿ ಇಂಥ ತಂಡಗಳು ಪ್ರೋಗ್ರಾಂ ಮಾಡೋ ಇಸಿಯು ಹಾಕಿ ತಾವೇ ಮ್ಯಾಪ್ ಬರೀಬೇಕಾಗುತ್ತೆ. ನಮ್ಮ ದೇಶದ ಫಾರ್ಮುಲಾ ಭಾರತ್ ಸ್ಪರ್ಧೆ ಕೊಯಮತ್ತೂರಿನ ಕಾರಿ ಟ್ರ್ಯಾಕಿನಲ್ಲಿ ನಡೆಯುತ್ತೆ. ಅಲ್ಲಿ ಎಂಜಿನ್ ಹೋದ್ರೆ ಹೋಗೋದು ಎಂಜಿನ್ ಮಾತ್ರ.

ನಮ್ಮ ಕಾಲೇಜಲ್ಲಿ ಅಷ್ಟು ದುಡ್ಡಿಲ್ಲ ಅಂತೀರ. ಸರಿ, ಚಿಕ್ಕದಾಗಿ ಶುರು ಮಾಡೋಣ. ಐದಾರು ಜನ ಸೇರಿ ಗುಜರಿಯಿಂದ ಒಂದು ಹಳೇ ಮಾರುತಿ ಎಂಜಿನ್ ತಂದು ಸ್ಟ್ಯಾಂಡ್ ಮೇಲೆ ಕೂರಿಸೋಣ. ಸ್ಪೀಡ್ವಿನೊ ಅನ್ನೋ ಇಸಿಯು ಇದೆ, ಆರ್ಡುಯಿನೊ ಮೆಗಾ ಬೋರ್ಡಿನ ಮೇಲೆ ಓಡುತ್ತೆ, ಅದರ ಕೋಡ್ ಎಲ್ಲರಿಗೂ ತೆರೆದಿದೆ. ಹಾಲ್ಟೆಕ್, ಮೋಟೆಕ್ ಕನಸು ಆಮೇಲೆ ಕಾಣೋಣ.

ಕ್ರಮ ಹೀಗಿರಲಿ:

• ದುಡ್ಡು ಮೊದಲು ವೈಡ್‌ಬ್ಯಾಂಡ್ ಸೆನ್ಸರಿಗೆ. ಅದಿಲ್ಲದೆ ಟ್ಯೂನ್ ಮಾಡೋದು ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ.
• ಟರ್ಬೊ ಇಲ್ಲದೆ ಐಡಲ್, ಕೋಲ್ಡ್ ಸ್ಟಾರ್ಟ್, ಚಿಕ್ಕ ಲೋಡ್ ಸರಿಮಾಡಿ. ಒಂದು ಸೆಮಿಸ್ಟರ್ ಇದಕ್ಕೇ ಹೋಗುತ್ತೆ, ಹೋಗ್ಲಿ.
• ಪ್ರತಿ ಸಲದ ಲಾಗ್ ಇಟ್ಕೊಳಿ. ಒಂದು ಸಲಕ್ಕೆ ಒಂದೇ ಬದಲಾವಣೆ.
• ಬೂಸ್ಟ್ ಕೊನೆಗೆ, ಅದೂ ಡೈನೊ ಮೇಲೆ, ಕಡಿಮೆಯಿಂದ ಶುರು. ಮಿತಿ ದಾಟಿದ್ರೆ ಎಂಜಿನ್ ಕಟ್ ಆಗೋ ಹಾಗೆ ಮೊದಲೇ ಸೆಟ್ ಮಾಡಿ.

ಬಿಡದಿಯಲ್ಲಿ ಟೊಯೋಟಾ ಇದೆ, ಬಾಷ್ ಇದೆ, ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಅಲ್ಲಿ ಇಂಟರ್‌ವ್ಯೂಗೆ ಕೂತಾಗ “ನನ್ನ ಗಾಡಿ ಸ್ಟೇಜ್ 2” ಅಂದ್ರೆ ಯಾರೂ ತಿರುಗಿ ನೋಡಲ್ಲ. ನೀವೇ ತುಂಬಿಸಿದ ಒಂದು ಕೋಷ್ಟಕ, ಅದರ ಲಾಗ್, ಈ ಮನೆಯಲ್ಲಿ ಈ ಸಂಖ್ಯೆ ಯಾಕಿದೆ ಅನ್ನೋ ವಿವರಣೆ ಮುಂದಿಟ್ರೆ ಮಾತು ಮುಂದುವರಿಯುತ್ತೆ.

ಎಂಜಿನ್ ಸ್ಟ್ಯಾಂಡ್ ಯೋಜನೆಗೆ ಯಾರ್‍ಯಾರು ಬರ್ತೀರ? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಯಾವ ಕಾಲೇಜಾದ್ರೂ ಸರಿ. ಕಾಮೆಂಟಲ್ಲಿ ಊರು, ಬ್ರಾಂಚು ಹಾಕಿ. ವೆಲ್ಡಿಂಗ್ ಬರೋರು ಒಬ್ಬರಾದ್ರೂ ಬೇಕು 🙏

#ಕೆಂಗಲ್ #ನಮ್ಮಎಂಜಿನ್ #ಲಾಗ್‌ಓದಿ #ರಸ್ತೆಡೈನೊಅಲ್ಲ