ಅಂಗೈಯಲ್ಲಿ ಬರೆದ ಸರಸ್ವತಿ

ಬಳ್ಳಾರಿ ಸೀಮೆಯ ಶಾಲೆಗಳಲ್ಲಿ ಒಂದು ಕಾಲಕ್ಕೆ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಮಗುವಿನ ಅಂಗೈಯಲ್ಲಿ ‘ಸರಸ್ವತಿ’ ಎಂದು ಬರೆಯುತ್ತಿದ್ದರು. ಎರಡನೆಯವನ ಕೈಗೆ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು. ಇದನ್ನು ಬರೆದಿಟ್ಟವನು ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್, 1823ರ ಆಗಸ್ಟ್‌ನಲ್ಲಿ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಜಿಲ್ಲೆಗಳಿಂದ ಶಾಲೆಗಳ ಲೆಕ್ಕ ಕೇಳಿದ್ದ. ಕ್ಯಾಂಪ್‌ಬೆಲ್ ಲೆಕ್ಕದ ಜೊತೆಗೆ ಮಕ್ಕಳು ಹೇಗೆ ಕೂರುತ್ತಾರೆ, ಯಾವುದರ ಮೇಲೆ ಬರೆಯುತ್ತಾರೆ ಎಂಬುದನ್ನೂ ಕಳಿಸಿದ.

ಮೊದಲು ಮರಳಿನ ಮೇಲೆ ಬೆರಳಲ್ಲಿ ತಿದ್ದುವುದು. ಆಮೇಲೆ ಹಲಗೆ: ಒಂದಡಿ ಅಗಲ, ಮೂರಡಿ ಉದ್ದ, ನುಣ್ಣಗೆ ಹೆರೆದು ಗಂಜಿ ಮತ್ತು ಇದ್ದಿಲ ಪುಡಿ ಬಳಿದದ್ದು. ಇಲ್ಲವೇ ಕಡತ: ಗಂಜಿ ಹಾಕಿ ಗಟ್ಟಿ ಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಚಿ, ಅದಕ್ಕೆ ಇದ್ದಿಲು ಮತ್ತು ಅಂಟು ಸವರಿದ್ದು. ಬರೆಯಲು ಬಳಪ, ಅಳಿಸಲು ಒದ್ದೆ ಬಟ್ಟೆ. ಕ್ಯಾಂಪ್‌ಬೆಲ್‌ಗೆ ಎಲ್ಲಕ್ಕಿಂತ ಹಿಡಿಸಿದ್ದು, ಮುಂದೆ ಹೋದ ಮಕ್ಕಳು ಹಿಂದಿನವರಿಗೆ ಕಲಿಸುವ ಪದ್ಧತಿ. ಕಲಿಸುತ್ತಾ ಅವರ ಕಲಿಕೆಯೂ ಗಟ್ಟಿಯಾಗುತ್ತದೆ ಎಂದು ಅವನು ಮೆಚ್ಚಿ ಬರೆದ.

ನನಗೂ ಓದು ಬಂದದ್ದು ಹಾಗೆಯೇ. ಕಡತ ಹೋಗಿತ್ತು, ಬಳಪ ಉಳಿದಿತ್ತು. ಕುರುಗೋಡಿನ ಶಾಲೆಯಲ್ಲಿ ಪಾಠವನ್ನು ಒಟ್ಟಿಗೆ ರಾಗವಾಗಿ ಒದರುತ್ತಿದ್ದೆವು. ಪುಟ ಮುಚ್ಚಿದರೂ ಪಾಠ ನಿಲ್ಲುತ್ತಿರಲಿಲ್ಲ. ಅದು ಓದಲ್ಲ ಎಂದು ಗೊತ್ತಾದದ್ದು ಅಕ್ಕನಿಗೆ. ಸಂಜೆ ಕಟ್ಟೆಯ ಮೇಲೆ ಕೂರಿಸಿ, ಸಾಲಿನ ನಡುವೆ ಯಾವುದೋ ಪದಕ್ಕೆ ಬೆರಳಿಟ್ಟು, “ಹಿಂದಿಂದ ಬರಬ್ಯಾಡ, ಇದೊಂದು ಹೇಳು” ಎನ್ನುತ್ತಿದ್ದಳು. ಒತ್ತಕ್ಷರ ಬಂದಲ್ಲಿ ನಾನು ತಡವರಿಸಿದರೆ ಪಾಟಿಯ ಮೇಲೆ ಅದನ್ನಷ್ಟೇ ದೊಡ್ಡದಾಗಿ ಬರೆದು, ಒತ್ತನ್ನು ಒರೆಸಿ, ಮತ್ತೆ ಬರೆದು ತೋರಿಸುವಳು. ಅಕ್ಷರಕ್ಕೂ ನಾನು ಆಡುವ ಮಾತಿಗೂ ನಂಟು ಹತ್ತಿದ್ದು ಅಲ್ಲಿ.

ಸಿರುಗುಪ್ಪದಲ್ಲಿ ನಮ್ಮ ಚಿಕ್ಕಮ್ಮನ ಓಣಿಯ ಮಕ್ಕಳ ಕಷ್ಟ ಇನ್ನೊಂದು ಬಗೆಯದು. ಮನೆಯಲ್ಲಿ ತೆಲುಗು, ಪುಸ್ತಕದಲ್ಲಿ ಕನ್ನಡ. 1953ರಲ್ಲಿ ಭಾಷೆ ನೋಡಿ ಬಳ್ಳಾರಿಯ ತಾಲ್ಲೂಕುಗಳನ್ನು ಎರಡು ರಾಜ್ಯಗಳಿಗೆ ಹಂಚಿದರೂ ಮನೆಗಳ ಒಳಗಿನ ಮಾತು ಹಾಗೇ ಉಳಿದಿತ್ತು. ಪಕ್ಕದ ಮನೆಯ ಹುಡುಗಿ ತಡೆಯಿಲ್ಲದೆ ಓದುವಳು, ಏನು ಓದಿದೆ ಎಂದರೆ ಸುಮ್ಮನಾಗುವಳು. ಅಕ್ಕ ರಜೆಗೆ ಹೋದಾಗ ಪಾಠವನ್ನು ತೆಲುಗಿನಲ್ಲಿ ಕಥೆಯಾಗಿ ಹೇಳಿ, ಆಮೇಲೆ ಪುಸ್ತಕ ಕೊಟ್ಟಳು. ಅರ್ಥವಾಗದ ಓದನ್ನು ಕ್ಯಾಂಪ್‌ಬೆಲ್ ಕೂಡ ಕಂಡಿದ್ದ: ಪುಸ್ತಕಗಳೆಲ್ಲ ಹಳೆಯ ಪದ್ಯಗಳಲ್ಲಿದ್ದು, ಮಕ್ಕಳು ತಿಳಿಯದೆ ಉರು ಹೊಡೆಯುತ್ತಾರೆ ಎಂಬುದು ಅವನ ದೊಡ್ಡ ದೂರು. ಎರಡು ಭಾಷೆ ಆಗಲೂ ಇದ್ದವು: ಅವನ ಜಿಲ್ಲೆಯಲ್ಲಿ ಕನ್ನಡದ ಶಾಲೆ 235, ತೆಲುಗಿನವು 226.

ಆದರೂ ಆ ಕಾಲವನ್ನು ಹಾಡಿ ಹೊಗಳಲು ನನಗೆ ಮನಸ್ಸಿಲ್ಲ. ಒಟ್ಟು 533 ಶಾಲೆ, 6,641 ಮಕ್ಕಳು; ಜನಸಂಖ್ಯೆ ಒಂಬತ್ತು ಲಕ್ಷ ಮೀರಿತ್ತು. ಹೆಣ್ಣುಮಕ್ಕಳು 60. ಶಾಲೆಗಳು ಮುಚ್ಚುತ್ತಿರುವುದಕ್ಕೆ ಕ್ಯಾಂಪ್‌ಬೆಲ್ ಕೊಟ್ಟ ಕಾರಣ ಬಡತನ: ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರ ಕೈ ಕಟ್ಟಿತು, ಎಳೆಯ ಕೈಕಾಲು ದುಡಿಯುವಂತಾದ ಕೂಡಲೇ ತಂದೆತಾಯಿಗೆ ಮಕ್ಕಳ ದುಡಿಮೆಯೇ ಬೇಕಾಯಿತು. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯೇ ಇದನ್ನು ಒಪ್ಪಿ ಬರೆದದ್ದು ಸಣ್ಣ ಮಾತಲ್ಲ.

ನನಗೆ ಓದು ಕಲಿಸಿದ ಅಕ್ಕನೂ ಏಳನೆಯ ತರಗತಿಗೆ ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋದಳು. ಅವಳು ಕಲಿಸಿದ ಬಗೆಗೆ ಈಗ ಶಾಲೆಯ ಒಳಗೇ ಜಾಗ ಸಿಕ್ಕಿದೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ ಇಂದು ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸುತ್ತದೆ. ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡಲು ಅಲ್ಲಿ ಅವಕಾಶವಿದೆ. ಆದರೆ ಅದಕ್ಕೆ ಮಕ್ಕಳು ಶಾಲೆಗೆ ಬರಬೇಕು. ಕುರುಗೋಡು, ಸಿರುಗುಪ್ಪದ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸುವ ತಿಂಗಳುಗಳಲ್ಲಿ ಶಾಲೆಗಳ ಹಾಜರಿ ಪುಸ್ತಕವನ್ನು, ಅದರಲ್ಲೂ ಹೆಣ್ಣುಮಕ್ಕಳ ಹೆಸರುಗಳ ಮುಂದಿನ ಗುರುತುಗಳನ್ನು, ಶಿಕ್ಷಣ ಇಲಾಖೆ ಪ್ರತಿ ವಾರ ತೆರೆದು ನೋಡಬೇಕು. ಬಾರದವರ ಮನೆಗೆ ಆ ವಾರವೇ ಹೋಗಬೇಕು.