ಬಿಳಿಚಿದ ಮಗುವೂ ಕಬ್ಬಿಣದ ಟಾನಿಕ್ಕೂ

ಶಿವಾಜಿನಗರದ ಗುಜರಿ ಅಂಗಡಿಗಳ ಮುಂದೆ ಹಾದುಹೋಗುವ ವಾಚಕರಿಗೆ ತುಕ್ಕು ಹೊಸದಲ್ಲ. ಅಲ್ಲಿ ಗಾಳಿಯು ಕಬ್ಬಿಣವನ್ನು ತಿನ್ನುತ್ತದೆ. ಮೈಯೊಳಗಾದರೋ ಅಂಕೆ ಮೀರಿದ ಕಬ್ಬಿಣವೇ ಜೀವಕೋಶವನ್ನು ತಿನ್ನುತ್ತದೆ.

ಕೋಶದ ಪೊರೆಯಲ್ಲಿ ಕೊಬ್ಬಿನ ಅಂಶ ಬಹಳ. ಕೋಶದೊಳಗೆ ಹೈಡ್ರೊಜನ್ ಪೆರಾಕ್ಸೈಡ್ ಅಷ್ಟಿಷ್ಟು ಹುಟ್ಟುತ್ತಲೇ ಇರುತ್ತದೆ. ಕಬ್ಬಿಣವೂ ಅದೂ ಕೂಡಿದರೆ ಎಂಥ ಉಗ್ರತೆಯೆಂಬುದನ್ನು ಫೆಂಟನ್ ಎಂಬ ರಸಾಯನಜ್ಞನು 1894ರಲ್ಲಿಯೇ ವರ್ಣಿಸಿದ್ದನು. ಆಗ ಪೊರೆಯ ಒಂದು ಕೊಬ್ಬಿನ ಅಣು ಕೆಟ್ಟು, ನೆರೆಯ ಅಣುವನ್ನೂ ಕೆಡಿಸುತ್ತದೆ. ಹಳೆಯ ಎಣ್ಣೆ ಕಮಟು ಹಿಡಿಯುವುದೂ ಇದೇ ಬಗೆ! ಈ ಸರಪಣಿಯನ್ನು ತುಂಡರಿಸುವುದು ‘ಇ’ ಜೀವಸತ್ವ.

ಆದುದರಿಂದಲೇ ದೇಹವು ಕಬ್ಬಿಣವನ್ನು ಫೆರಿಟಿನ್ ಎಂಬ ಪ್ರೋಟೀನಿನ ಭರಣಿಯಲ್ಲಿ ಮುಚ್ಚಿಡುತ್ತದೆ. ಹೊರಹೋಗುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ಥಲಸೀಮಿಯ ರೋಗದ ಮಕ್ಕಳ ಸಂಕಟವಿರುವುದು ಇಲ್ಲಿ. ಕೆಲವು ವಾರಗಳಿಗೊಮ್ಮೆ ಕೊಡಿಸುವ ರಕ್ತದ ಪ್ರತಿ ಬಾಟಲಿಯೊಡನೆ ಸುಮಾರು 200 ಮಿಲಿಗ್ರಾಂ ಕಬ್ಬಿಣ ಒಳಸೇರುತ್ತದೆ. ಭರಣಿ ತುಂಬಿ ತುಳುಕಿದಾಗ ಯಕೃತ್ತು, ಹೃದಯಗಳಿಗೆ ಅಪಾಯ. ಕಬ್ಬಿಣವನ್ನು ಹಿಡಿದು ಹೊರಸಾಗಿಸುವ ಡೆಫೆರಸಿರಾಕ್ಸ್ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟಿದ್ದರೆ ಒಂದು ದಿನವೂ ತಪ್ಪಿಸಬಾರದು.

ಕೊರತೆಯಿಂದ ಬಂದ ರಕ್ತಹೀನತೆಗೆ ಕಬ್ಬಿಣವೇ ಮದ್ದು, ನಿಜ. ಆದರೆ ಥಲಸೀಮಿಯದ ಮಗುವೂ ಹಾಗೆಯೇ ಬಿಳಿಚಿಕೊಂಡಿರುತ್ತದೆ. ತಾಯಂದಿರೇ, ಟಾನಿಕ್ಕಿನ ಸೀಸೆ ಕೊಳ್ಳುವ ಮೊದಲು ಬೌರಿಂಗಿನಲ್ಲಿಯೋ ಹತ್ತಿರದ ಬೇರೆ ಆಸ್ಪತ್ರೆಯಲ್ಲಿಯೋ ರಕ್ತಪರೀಕ್ಷೆ ಮಾಡಿಸಿರಿ.