ಮಾಲಿಗೆ ಎಷ್ಟು ಕೊಡಬೇಕು ಅಂತ ಕೇಳುವ ಮಾಲೀಕರಿಗೆ



ಬೆಂಗಳೂರಿನಲ್ಲಿ ಈಗ ಗಾರ್ಡನಿಂಗ್ ಸರ್ವಿಸ್ ಅನ್ನೋದು ಒಂದು ಒಳ್ಳೆ ವ್ಯಾಪಾರ. ವೈಟ್‌ಫೀಲ್ಡ್, ಸರ್ಜಾಪುರ, ಯಲಹಂಕ ಕಡೆ ವಿಲ್ಲಾಗಳು ಎದ್ದಷ್ಟೂ ಲಾನ್ ಕತ್ತರಿಸೋಕೆ, ಟೆರೇಸ್ ಮೇಲೆ ಕುಂಡ ಜೋಡಿಸೋಕೆ ಜನ ಬೇಕು. ಒಂದು ಸೆಕೆಂಡ್ ಹ್ಯಾಂಡ್ ಟಾಟಾ ಏಸ್, ಒಂದು ಹುಲ್ಲು ಕತ್ತರಿಸುವ ಮಷೀನು, ನಾಲ್ಕೈದು ಆಳು ಇದ್ದರೆ ಶುರು ಮಾಡಬಹುದು. ನಮ್ಮ ಹುಡುಗರೂ ಮಾಡ್ತಿದ್ದಾರೆ, ಸಂತೋಷ. ಹಾಗೆ ಶುರು ಮಾಡಿದ ನಮ್ಮದೇ ಕೇರಿಯ ಹುಡುಗನೊಬ್ಬ ಮೊನ್ನೆ ಕೇಳಿದ: "ಅಣ್ಣ, ಐದು ಜನ ಇದ್ದಾರೆ. ಎಷ್ಟು ಕೊಡ್ಲಿ? ಮಾರ್ಕೆಟ್ ರೇಟ್ ಕೊಟ್ರೆ ಸಾಕಲ್ವ?"

ಇದೇ ಪ್ರಶ್ನೆಯನ್ನ ಖಾದಿ ಜುಬ್ಬಾದ ಪ್ರಗತಿಪರರ ಬಾಯಲ್ಲೂ ಕೇಳಿದ್ದೀನಿ. ಹಾಗಾಗಿ ಉತ್ತರ ಎಲ್ಲರಿಗೂ.

ಮಾರ್ಕೆಟ್ ರೇಟ್ ಅಂದ್ರೆ ಏನು ಸ್ವಾಮಿ? ಮುಂಜಾನೆ ಆರು ಗಂಟೆಗೆ ಸರ್ಕಲ್‌ನಲ್ಲಿ ಬುತ್ತಿ ಹಿಡ್ಕೊಂಡು ನಿಂತಿರ್ತಾರಲ್ಲ, ಯಾದಗಿರಿಯಿಂದ, ರಾಯಚೂರಿಂದ ಬಂದವರು, ಅವರಲ್ಲಿ ಅತಿ ಹೆಚ್ಚು ಹಸಿದವನು ಒಪ್ಪಿಕೊಂಡ ಮೊತ್ತ. ಅದಕ್ಕೆ ನೀವು ರೇಟ್ ಅಂತೀರಿ. ಅವನ ಹಿಂದೆ ಭೂಮಿ ಇಲ್ಲ, ಊರಲ್ಲಿ ಸಾಲ ಇದೆ, ಬೇಡ ಅಂದ್ರೆ ಪಕ್ಕದವನು ಹತ್ತಿಕೊಳ್ತಾನೆ. ಜಮೀನು ಯಾರ ಹತ್ರ ಉಳೀತು, ಯಾರ ಕೈಗೆ ಬರೀ ಗುದ್ದಲಿ ಬಂತು ಅನ್ನೋದನ್ನ ನಿರ್ಧಾರ ಮಾಡಿದ್ದು ಮಾರ್ಕೆಟ್ಟಾ?

ತೋಟದ ಕೆಲಸದಲ್ಲೇ ನೋಡಿ. ಗೊಬ್ಬರ ಕಲೆಸೋನು, ಗುಂಡಿ ತೋಡೋನು, ಔಷಧಿ ಹೊಡೆಯೋನು ಯಾರು? ಕೈಯಲ್ಲಿ ಟ್ಯಾಬ್ ಹಿಡಿದು "ಇಲ್ಲಿ ಹೆಲಿಕೋನಿಯಾ ಹಾಕೋಣ" ಅನ್ನೋನು ಯಾರು? ಇಬ್ಬರ ಮನೆತನ ವಿಚಾರಿಸಿದರೆ ಬಹಳ ಸಲ ಉತ್ತರ ಸಿಗುತ್ತೆ. ಜಾತಿ ಕೆಲಸವನ್ನ ಮಾತ್ರ ಹಂಚಿಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ಹಂಚಿದೆ ಅಂತ ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟರು. ಅವರು ವೈಸರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ 1946ರಲ್ಲಿ ಕನಿಷ್ಠ ವೇತನ ಮಸೂದೆ ಮಂಡಿಸಿದ್ದು ಸುಮ್ಮನೆ ಅಲ್ಲ. ಅದು 1948ರಲ್ಲಿ ಕಾಯ್ದೆ ಆಯ್ತು. ಗೋಡೆ ಮೇಲೆ ಅವರ ಫೋಟೋ ಹಾಕ್ಕೊಂಡು ಮಾರ್ಕೆಟ್ ರೇಟ್ ಕೊಡೋ ನಮ್ಮ ಹುಡುಗರಿಗೆ ಇದು ಗೊತ್ತಿರಲಿ.

"ಕನಿಷ್ಠ ವೇತನದ ಪಟ್ಟಿಯಲ್ಲಿ ನಮ್ಮ ಕೆಲಸ ಎಲ್ಲಿದೆ?" ಅಂತ ಕೆಲವರು ನುಣುಚಿಕೊಳ್ತಿದ್ರು. 2019ರ ವೇತನ ಸಂಹಿತೆ ಆ ಬಾಗಿಲು ಮುಚ್ಚಿದೆ. ಕನಿಷ್ಠ ವೇತನ ಎಲ್ಲ ಉದ್ಯೋಗಕ್ಕೂ ಅನ್ವಯ. ಆ ಸಂಹಿತೆಗಳ ಬಗ್ಗೆ ನನಗೆ ಬೇರೆ ನೂರು ತಕರಾರಿದೆ, ಅದು ಇನ್ನೊಂದು ದಿನ. ಅದಕ್ಕೂ ಮುಂಚೆ, 1982ರಲ್ಲೇ, ದೆಹಲಿ ಏಷ್ಯಾಡ್ ಕಾಮಗಾರಿಯ ಕೂಲಿಗಳ ಕೇಸಲ್ಲಿ ಸುಪ್ರೀಂ ಕೋರ್ಟು ಹೇಳಿಬಿಟ್ಟಿದೆ: ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳೋದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ. ಅಂದ್ರೆ ಬಿಟ್ಟಿ ಚಾಕರಿ. "ಅವನೇ ಒಪ್ಪಿಕೊಂಡು ಬಂದ" ಅನ್ನೋ ವಾದ ಅಲ್ಲಿ ನಡೀಲಿಲ್ಲ, ಹಸಿವೂ ಒಂದು ಬಲವಂತ ಅಂದ್ರು ನ್ಯಾಯಮೂರ್ತಿ ಭಗವತಿ.

ಆದರೆ ಕನಿಷ್ಠ ವೇತನ ಅನ್ನೋದು ನೆಲ. ನಮ್ಮವರು ಅದನ್ನೇ ಸೂರು ಮಾಡಿಕೊಂಡಿದ್ದಾರೆ. ಆ ನೆಲವನ್ನ ಹಾಕೋಕೆ 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಲೆಕ್ಕ ಕೊಟ್ಟಿತ್ತು. ಒಬ್ಬ ದುಡಿಯೋನ ಸಂಸಾರವನ್ನ ಮೂರು ಪಾಲು ಅಂತ ಹಿಡಿದು, ಪಾಲಿಗೆ ದಿನಕ್ಕೆ 2,700 ಕ್ಯಾಲೊರಿ ಊಟ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ ದೀಪ ಇತ್ಯಾದಿಗೆ ಶೇಕಡಾ 20. ಮಕ್ಕಳ ಓದು, ಆಸ್ಪತ್ರೆ, ಹಬ್ಬ, ಮುಪ್ಪು, ಮದುವೆ ಅಂತ ಇನ್ನೂ ಶೇಕಡಾ 25 ಸೇರಬೇಕು ಅಂತ 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ಮಾಲಿಯ ಶೀಟಿನ ಮನೆ ಬಾಡಿಗೆ, ಅಕ್ಕಿ, ಗ್ಯಾಸು, ಮಗಳ ಸ್ಕೂಲ್ ಫೀಸು ಒಂದು ಹಾಳೇಲಿ ಬರೆದು ಈ ಲೆಕ್ಕ ಹಾಕಿ. ಬರೋ ಮೊತ್ತ ನಿಮ್ಮ ಮಾರ್ಕೆಟ್ ರೇಟನ್ನ ನೋಡಿ ನಗುತ್ತೆ.

"ಅಷ್ಟು ಕೊಟ್ರೆ ನಾನು ಬೀದಿಗೆ ಬೀಳ್ತೀನಣ್ಣ" ಅಂದ ಹುಡುಗ. ಅವನ ಲೆಕ್ಕದ ಪುಸ್ತಕ ನೋಡಿದೆ. ತಪ್ಪು ಕೂಲಿಯಲ್ಲಿ ಇರಲಿಲ್ಲ, ಕೊಟೇಶನ್‌ನಲ್ಲಿ ಇತ್ತು. ಉದಾಹರಣೆಗೆ ಒಬ್ಬನಿಗೆ ತಿಂಗಳಿಗೆ 18,000 ಅಂತ ಇಟ್ಕೊಳ್ಳಿ. 26 ದಿನ, ದಿನಕ್ಕೆ 8 ಗಂಟೆ, ಒಟ್ಟು 208 ಗಂಟೆ; ಗಂಟೆಗೆ ಸುಮಾರು 87 ರೂಪಾಯಿ. ಇವನು ಅದರ ಮೇಲೆ ಗಿರಾಕಿಗೆ ರೇಟ್ ಹೇಳ್ತಿದ್ದ. ಆದರೆ ಗಿರಾಕಿ ದುಡ್ಡು ಕೊಡೋದು ತೋಟದಲ್ಲಿ ನಿಂತ ಹೊತ್ತಿಗೆ ಮಾತ್ರ. ನರ್ಸರಿಯಲ್ಲಿ ಗಿಡ ಏರಿಸಿದ್ದು, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಕೂತಿದ್ದು, ಗೇಟಲ್ಲಿ ಸೆಕ್ಯೂರಿಟಿ ನಿಲ್ಲಿಸಿದ್ದು ಎಲ್ಲ ಕಳೆದು ದಿನಕ್ಕೆ 6 ಗಂಟೆ ಉಳಿದರೆ ಹೆಚ್ಚು. 156 ಗಂಟೆ. ಆಗ ಗಂಟೆಗೆ 115 ರೂಪಾಯಿ ಬರೀ ಕೂಲಿಗೇ ಆಯ್ತು. ಪೆಟ್ರೋಲು, ಬ್ಲೇಡು, ನಿನ್ನ ಲಾಭ ಆಮೇಲೆ. ಮಧ್ಯದ ಆ 28 ರೂಪಾಯಿ ಯಾರ ಹೊಟ್ಟೆಯಿಂದ ಬರ್ತಿತ್ತು? ಆಳುಗಳ ಹೊಟ್ಟೆಯಿಂದ. ದಾರಿಯಲ್ಲಿ ಕಳೆದ ಹೊತ್ತನ್ನ ಇವನು ಕೆಲಸ ಅಂತಲೇ ಬರೆದಿರಲಿಲ್ಲ.

ಮಳೆಯದ್ದೂ ಹಾಗೇ. ಬೆಳಿಗ್ಗೆ ಬಂದು ಎರಡು ಗಂಟೆ ಕಳೆ ಕಿತ್ತಾಗ ಮಳೆ ಹಿಡೀತು, ಅರ್ಧ ಕೂಲಿ ಕೊಟ್ಟು ಕಳಿಸಿದರು. ಆಳು ಕೆಲಸಕ್ಕೆ ಸಿದ್ಧ ಇದ್ದು, ನೀವು ಕೆಲಸ ಕೊಡೋಕೆ ಆಗದಿದ್ರೆ ದಿನದ ಪೂರ್ತಿ ಕೂಲಿ ಅವನದು ಅಂತ 1948ರ ಕಾಯ್ದೆಯ 15ನೇ ಸೆಕ್ಷನ್ನಿನಲ್ಲೇ ಇತ್ತು. ಹೆಚ್ಚು ಹೊತ್ತು ದುಡಿಸಿದರೆ ದುಪ್ಪಟ್ಟು. ಫ್ಲವರ್ ಶೋ ಸೀಸನ್ನಲ್ಲಿ, ಮದುವೆ ಡೆಕೊರೇಶನ್ನಲ್ಲಿ ರಾತ್ರಿ ಹನ್ನೊಂದರ ತನಕ ಕುಂಡ ಹೊರಿಸಿ, ಒಂದು ಎಗ್‌ರೈಸ್ ಕೊಡಿಸಿ "ಮನೆಯವನ ಥರ ನೋಡ್ಕೋತೀವಿ" ಅನ್ನೋರನ್ನ ಕಂಡಿದ್ದೀನಿ. ಮನೆಯವನ ಥರ ಬೇಡ, ಕಾರ್ಮಿಕನ ಥರ ನೋಡ್ಕೊಳ್ಳಿ ಸಾಕು. ನಮ್ಮ ತಾತಂದಿರನ್ನ ಗೌಡರು ಮನೆಯವರ ಥರಾನೇ ನೋಡ್ಕೊಂಡಿದ್ರು, ಕೊಟ್ಟಿಗೇಲಿ ಮಲಗಿಸಿ.

ಹೆಂಗಸರ ಕೂಲಿ ಬಗ್ಗೆ ಮಾತಾಡಿದ್ರೆ ನನಗೆ ಸಿಟ್ಟು ಬರುತ್ತೆ. ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ನೂರೋ ಇನ್ನೂರೋ ಕಮ್ಮಿ. ಯಾಕೆ ಅಂದ್ರೆ "ಅವರು ಭಾರ ಎತ್ತಲ್ಲ". ಇಡೀ ದಿನ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಲಾನಿನ ಕಳೆ ಕೀಳೋದು ಯಾರು? ಒಂದು ಗಂಟೆ ಕೂತು ನೋಡಿ, ಸೊಂಟ ಹೇಳುತ್ತೆ. ಸಮಾನ ಕೆಲಸಕ್ಕೆ ಸಮಾನ ಕೂಲಿ ಅಂತ ಕಾಯ್ದೆ ಬಂದದ್ದು 1976ರಲ್ಲಿ. ಉದ್ಯೋಗ ಖಾತರಿಯಲ್ಲಿ 2024-25ರಲ್ಲಿ ಕರ್ನಾಟಕದ ಕೂಲಿ 349 ರೂಪಾಯಿ ಇತ್ತು. ತೀರಾ ಕಮ್ಮಿ, ಒಪ್ತೀನಿ, ಆದರೆ ಗಂಡಿಗೂ ಹೆಣ್ಣಿಗೂ ಅದೇ 349.

ಇನ್ನೊಂದು ಮೋಸ "ಹೆಲ್ಪರ್" ಅನ್ನೋ ಪದದಲ್ಲಿದೆ. ಗುಲಾಬಿಯನ್ನ ಯಾವ ಕಣ್ಣಿನ ಮೇಲೆ ಕತ್ತರಿಸಬೇಕು, ಮಾವಿಗೆ ಹೇಗೆ ಕಸಿ ಕಟ್ಟಬೇಕು, ದಾಸವಾಳದ ಎಲೆ ಹಿಂದಿನ ಬಿಳಿ ಹುಳ ಯಾವುದು ಅಂತ ಹದಿನೈದು ವರ್ಷದಿಂದ ಬಲ್ಲವನನ್ನ ಅಕುಶಲ ಕಾರ್ಮಿಕ ಅಂತ ಬರ್ಕೊಳ್ತೀರಿ. ಎರಡು ದಿನದ ಬೋನ್ಸಾಯ್ ವರ್ಕ್‌ಶಾಪ್ ಮುಗಿಸಿ ಬಂದವರು ಕನ್ಸಲ್ಟೆಂಟ್! ವೇತನ ಪಟ್ಟಿಯಲ್ಲಿ ಅರೆಕುಶಲ, ಕುಶಲ ಅಂತ ದರ್ಜೆಗಳಿವೆ. ಅಪ್ಪನಿಂದ ಕಲಿತ ವಿದ್ಯೆಗೆ ಸರ್ಟಿಫಿಕೇಟ್ ಇಲ್ಲ ಅಂತ ಅದು ವಿದ್ಯೆ ಅಲ್ಲ ಅನ್ನೋದು ಯಾವ ಕಾಲದ ನ್ಯಾಯ ಅಂತ ನಿಮಗೇ ಗೊತ್ತು. ಆಯುಧಪೂಜೆ ದಿನ ಕತ್ತರಿಗೆ, ಗುದ್ದಲಿಗೆ ಕುಂಕುಮ. ಅದನ್ನ ಹಿಡಿದ ಕೈಗೆ ಒಂದು ಪೊಟ್ಟಣ ಪುರಿ.

ಮುಂಗಡದ ವಿಷಯ ನಮ್ಮ ಹುಡುಗರಿಗೆ ಖಾರವಾಗೇ ಹೇಳ್ತೀನಿ. ಆಳು ಬಿಟ್ಟು ಹೋಗದೇ ಇರಲಿ ಅಂತ ಮೂವತ್ತು ಸಾವಿರ ಕೈಗಿಟ್ಟು, ತೀರೋ ತನಕ ಬೇರೆ ಕಡೆ ಹೋಗೋ ಹಾಗಿಲ್ಲ ಅಂದ್ರೆ ಅದಕ್ಕೆ ಜೀತ ಅಂತ ಹೆಸರು. 1976ರಲ್ಲಿ ಅದನ್ನ ರದ್ದು ಮಾಡಿದ್ದಾರೆ. ಜೀತದ ಮನೆಯಿಂದ ಬಂದವನು ಜೀತ ಇಟ್ಟುಕೊಂಡ್ರೆ ನಾನು ಅವನಿಗೆ ಜೈ ಭೀಮ್ ಹೇಳಲ್ಲ. ಸಹಾಯಕ್ಕೆ ಸಾಲ ಕೊಡು, ಬರೆದಿಡು, ಆದರೆ ಕಾಲಿಗೆ ಕಟ್ಟಬೇಡ.

ಇಎಸ್‌ಐ ಹತ್ತು ಜನಕ್ಕೆ, ಪಿಎಫ್ ಇಪ್ಪತ್ತು ಜನಕ್ಕೆ ಕಡ್ಡಾಯ. ಹಾಗಾಗಿ ಒಂಬತ್ತಕ್ಕೆ ಲೆಕ್ಕ ನಿಲ್ಲಿಸೋ ಜಾಣರಿದ್ದಾರೆ. ಐದು ಜನ ಇರೋ ಹುಡುಗನಿಗೆ ಕಾನೂನಿನ ಒತ್ತಾಯ ಇಲ್ಲ, ನಿಜ. ಆದರೆ ಗೆದ್ದಲಿಗೆ ಕ್ಲೋರ್‌ಪೈರಿಫಾಸ್ ಹೊಡೆದು ಮೂಗಿಗೆ ಟವೆಲ್ ಕಟ್ಟಿಕೊಂಡವನ ಪುಪ್ಪುಸ ನಿನ್ನ ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿದೆ ಅಂತ ನೋಡಲ್ಲ. ಮಾಸ್ಕು, ಗ್ಲೌಸು, ಆಸ್ಪತ್ರೆ ಖರ್ಚಿಗೆ ತಿಂಗಳಿಗಿಷ್ಟು ತೆಗೆದಿಡು, ಅದನ್ನೂ ಕೊಟೇಶನ್‌ಗೆ ಸೇರಿಸು.

ಈಗ ಗಿರಾಕಿಗಳಿಗೆ. ಮೂರು ಕೋಟಿಯ ವಿಲ್ಲಾ ಕೊಂಡು, ಮಾಲಿಗೆ ಟಾಯ್ಲೆಟ್ ಬಾಗಿಲು ತೆಗೆಯದೆ, ತಿಂಗಳ ಮೇಂಟೆನೆನ್ಸಲ್ಲಿ ಐನೂರು ಚೌಕಾಸಿ ಮಾಡೋ ಅಸೋಸಿಯೇಷನ್ ಸಾಹೇಬರೇ, ನೀವು ಇಳಿಸೋ ಆ ಐನೂರು ಗುತ್ತಿಗೆದಾರನ ಜೇಬಿಂದ ಹೋಗಲ್ಲ. ಮುಂದಿನ ಸಲ ಮೂರು ಕೊಟೇಶನ್ ತರಿಸಿದಾಗ ಮೂವರ ಹತ್ರಾನೂ ಕೂಲಿ ಪಟ್ಟಿ ಕೇಳಿ, ಹೆಂಗಸರಿಗೆ ಎಷ್ಟು ಅಂತ ಬೇರೆಯಾಗಿ ಕೇಳಿ. ಕೊಡದವನ ಕಾಗದ ವಾಪಸ್ ಮಾಡಿ.

ಆ ಹುಡುಗ ಈ ತಿಂಗಳು ಎರಡು ಮನೆಗೆ ಹೊಸ ರೇಟ್ ಕಳಿಸಿದ್ದಾನೆ. ಒಂದು ಮನೆಯವರು ಒಪ್ಪಿದ್ದಾರೆ, ಇನ್ನೊಂದು ಕೈ ಬಿಟ್ಟು ಹೋಯ್ತು. ಇಂಥ ಸಣ್ಣ ವ್ಯಾಪಾರ ಮಾಡ್ತಿರೋ ನಮ್ಮವರು ಯಾರಾದ್ರೂ ಇದ್ರೆ ಲೆಕ್ಕದ ಪುಸ್ತಕ ತಗೊಂಡು ಭಾನುವಾರ ಬನ್ನಿ, ಕೂತು ಹಾಕೋಣ.

ಜೈ ಭೀಮ್.